ಏಸಿ ಕೆಳಗಿನ ಕುರ್ಚಿ

ನಂಜನಗೂಡಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ನನಗೆ ಕಂಪ್ಯೂಟರ್ ಕೆಲಸ ಸಿಕ್ಕಾಗ ಅವ್ವ ಹೆಮ್ಮಿಗೆಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. "ನಮ್ ಉಡ್ಗಿಗೆ ಏಸಿ ರೂಮಲ್ಲಿ ಕೆಲ್ಸ ಕಣವ್ವಾ, ಬಿಸ್ಲು ತಟ್ಟಕಿಲ್ಲ." ಕೆಲಸ ಏಜೆನ್ಸಿಯೊಂದರ ಮೂಲಕ, ಕಾಂಟ್ರಾಕ್ಟ್ ಮೇಲೆ ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಏಸಿ ಸರಿಯಾಗಿ ನನ್ನ ಕುರ್ಚಿಯ ಮೇಲೇ ಇತ್ತು. ಕಾಯಂ ನೌಕರರು ತಮಗೆ ಬೇಕಾದ ಜಾಗ ಹಿಡಿದು, ಯಾರಿಗೂ ಬೇಡವಾದ ಕುರ್ಚಿಯನ್ನು ಕಾಂಟ್ರಾಕ್ಟಿನವರಿಗೆ ಬಿಟ್ಟಿದ್ದರು. ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ನೂಕುನುಗ್ಗಲಲ್ಲಿ ಬೆವೆತು ಬಂದು ಕೂತರೆ ಒದ್ದೆ ಬೆನ್ನಿಗೇ ಆ ಗಾಳಿ ಬಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆರಳು ಮರಗಟ್ಟುತ್ತಿದ್ದವು, ಕತ್ತು ಹಿಡಿದುಕೊಳ್ಳುತ್ತಿತ್ತು. ಊಟಕ್ಕೆ ಬಿಟ್ಟೊಡನೆ ಗೇಟಿನ ಹತ್ತಿರ ಹೋಗಿ, ಏಪ್ರಿಲ್ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ.

ರಿಮೋಟ್ ಇರುತ್ತಿದ್ದುದು ಆಡಳಿತಾಧಿಕಾರಿಯ ಕ್ಯಾಬಿನ್‌ನಲ್ಲಿ. ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಿದ್ದಕ್ಕೆ, "ನಿಮ್ಮೊಬ್ಬರಿಗೋಸ್ಕರ ಎಲ್ಲರೂ ಬೆವರಬೇಕಾ?" ಎಂದರು. ಶಾಲು ಹೊದ್ದು ಕೂತೆ. ಅದನ್ನೂ ಕಂಡು ಗದರಿದರು: "ತೆಗೀರಿ ಅದನ್ನ. ಕಸ್ಟಮರ್‌ಗಳು ಬರೋ ಜಾಗ ಇದು, ಆಸ್ಪತ್ರೆ ವಾರ್ಡ್ ಅಲ್ಲ."

ಪಕ್ಕದ ಮೇಜಿನಲ್ಲಿದ್ದ ಹಿರಿಯ ಮೇಡಂ ಕಾಯಂ ನೌಕರರು. ಕಾಯಂನವರಿಗೆಲ್ಲ ಕಂಪನಿ ಕೊಟ್ಟಿದ್ದ ನೀಲಿ ಜಾಕೆಟ್ ಅವರ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಒಂದು ದಿನ ನಾನು ನಡುಗುವುದನ್ನು ನೋಡಲಾಗದೆ, "ಹಾಕ್ಕೊಳಮ್ಮ" ಎಂದು ಕೊಟ್ಟರು. ಸ್ವಲ್ಪ ಹೊತ್ತಿಗೇ ಅಧಿಕಾರಿ ಬಂದು ನನ್ನ ಮುಂದೆ ನಿಂತರು.

"ಈ ಜಾಕೆಟ್ ಯಾರು ಕೊಟ್ಟಿದ್ದು? ಇದು ಸ್ಟಾಫಿಗೆ."

"ಹಂಗಾದ್ರೆ ನಾನ್ಯಾರು ಸರ್?"

"ನೀವು ಏಜೆನ್ಸಿಯವರು. ಬಿಚ್ಚಿ."

ಬಿಚ್ಚಿದೆ. ತುಂಬಿದ ಆಫೀಸಿನಲ್ಲಿ ಒಬ್ಬ ಹೆಂಗಸಿಗೆ ಹಾಗೆನ್ನಲು ಆ ಮನುಷ್ಯನ ನಾಲಿಗೆ ತಡವರಿಸಲಿಲ್ಲ. ಮೇಡಂ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ತಾವೇ ಕೊಟ್ಟದ್ದೆಂದು ಒಂದು ಮಾತು ಹೇಳಲಿಲ್ಲ. ಅಧಿಕಾರಿಗಿಂತ ಅವರ ಮೇಲೇ ನನಗೆ ಹೆಚ್ಚು ಸಿಟ್ಟು ಬಂತು.

ಎದ್ದು ಹೋಗಿ ಗೋಡೆಯ ಮೇಲಿದ್ದ ಏಸಿಯ ಸ್ವಿಚ್ ಆರಿಸಿದೆ.

"ಯಾರನ್ನ ಕೇಳಿ ಆಫ್ ಮಾಡಿದ್ರಿ?"

ಆಫೀಸಿಗೆಂದು ಕಲಿತಿದ್ದ ಪೇಟೆಯ ಮಾತೆಲ್ಲ ಎಲ್ಲಿ ಹೋಯಿತೋ! "ಶಾಲು ಒದ್ಕಂಡ್ರೆ ತೆಗಿ ಅಂತೀರಿ, ಜಾಕೆಟ್ ಆಕಂಡ್ರೆ ಬಿಚ್ಚು ಅಂತೀರಿ. ನಾನೇನು ಐಸ್ ಪೆಟ್ಗೇಲಿ ಇಕ್ಕಿರೋ ಮೀನಾ ಸಾ?"

ಅವರು ಸ್ವಿಚ್ ಹಾಕಿದರು. ನಾನು ಮತ್ತೆ ಆರಿಸಿದೆ. ಸಂಜೆಯೊಳಗೆ ಏಜೆನ್ಸಿಯ ಸೂಪರ್‌ವೈಸರ್ ಫೋನ್ ಬಂತು. "ಅಡ್ಜಸ್ಟ್ ಮಾಡ್ಕಳಕ್ಕೆ ಆಗಲ್ವೇನಮ್ಮಾ? ನಾಳೆಯಿಂದ ಗೋಡೌನ್‌ಗೆ ಓಗು."

ತಗಡಿನ ಸೂರಿನ ಗೋಡೌನು, ಫ್ಯಾನೂ ಇಲ್ಲ. ಮೊದಲ ಸಂಜೆ ನನ್ನ ಮುಖ ನೋಡಿ ಅವ್ವ, "ಯಾಕವ್ವಾ, ಏಸಿ ಕೆಟ್ಟೋಯ್ತಾ?" ಎಂದಳು. ಎಲ್ಲವನ್ನೂ ಹೇಳಿದೆ. ಕೇಳಿ ಅವಳು, "ಅವ್ನ್ ನಾಲ್ಗೆ ಸೇದೋಗ" ಎಂದಳು.

ನನ್ನ ಕುರ್ಚಿಗೆ ಮೂಗೂರಿನ ಕಡೆಯ ಹುಡುಗಿಯೊಬ್ಬಳು ಬಂದಳು. ಅವಳೂ ಕಾಂಟ್ರಾಕ್ಟ್. ಒಮ್ಮೆ ಗೋಡೌನ್ ಹಿಂದಿನ ಬಿಸಿಲಿನಲ್ಲಿ ನಿಂತು ಅಂಗೈ ಉಜ್ಜಿಕೊಳ್ಳುತ್ತಿದ್ದಳು. ನೋಡಿದೊಡನೆ ನನಗೆ ಅರ್ಥವಾಯಿತು.

"ಕಡ್ಮೆ ಮಾಡಿ ಅಂತ ಕೇಳ್ದ್ಯಾ ಅವ್ರನ್ನ?"

"ಕೇಳುದ್ರೆ ನಿಮ್ ಥರ ಗೋಡೌನ್‌ಗೆ ಕಳಿಸ್ತೀನಿ ಅಂದ್ರು ಅಕ್ಕಾ."

ನನ್ನನ್ನೇ ಬೆದರುಬೊಂಬೆ ಮಾಡಿಟ್ಟಿದ್ದರು! ಅವಳ ಕೈ ಹಿಡಿದು ನೇರ ಕ್ಯಾಬಿನ್‌ಗೆ ನುಗ್ಗಿದೆ. ಒಳಗೆ ಕಸ್ಟಮರ್‌ಗಳು ಕಾಫಿ ಕುಡಿಯುತ್ತ ಕೂತಿದ್ದರು. ಒಳ್ಳೆಯದೇ ಆಯಿತು. ಅವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ: "ಈ ಉಡ್ಗಿ ಕೈ ಮುಟ್ ನೋಡಿ ಸಾ. ಎಣದ್ ಕೈ ಇದ್ದಂಗದೆ."

ಅಧಿಕಾರಿಯ ಮುಖ ಕೆಂಪಾಯಿತು. ನಮ್ಮನ್ನು ಹೊರಗೆ ಸಾಗಿಸಿದರೆ ಸಾಕೆಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಅವನು ಸ್ಟೂಲ್ ಹತ್ತಿ, ಏಸಿಯ ರೆಕ್ಕೆಯನ್ನು ಮೇಲಕ್ಕೆ ತಿರುಗಿಸಿ ಇಳಿದ. ಗಾಳಿ ಸೂರಿನ ಕಡೆ ಹೋಯಿತು. ಅಷ್ಟೇ ಕೆಲಸ.

ಹುಡುಗಿ ನನ್ನನ್ನು ನೋಡಿ ನಕ್ಕಳು. ನನಗೆ ನಗು ಬರಲಿಲ್ಲ. ಸ್ಟೂಲ್ ಹತ್ತಿ ಇಳಿಯುವಷ್ಟು ಹೊತ್ತಿನ ಕೆಲಸ, ನಾನು ಕೇಳಿದ ದಿನವೇ ಮಾಡಿಸಬಹುದಾಗಿತ್ತು. ಮಾಡಿಸಲು ಅವರಿಗೆ ಮನಸ್ಸಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.