ಬಾವಿಯ ಪಾಳಿಗೆ ಒಂದು ಖಾನೆ

ನಾನು ಹಟಮಾರಿ ಎಂದು ಮನೆಯಲ್ಲಿ ಮೊದಲಿನಿಂದಲೂ ಹೇಳುತ್ತಿದ್ದರು. ನಾನು ಒಪ್ಪಿರಲಿಲ್ಲ. ಹೋದ ತಿಂಗಳು ಒಂದು ಸಾಫ್ಟ್‌ವೇರಿನ ಜೊತೆ ಮೂರು ದಿನ ಜಗಳ ತೆಗೆದ ಮೇಲೆ ಒಪ್ಪಿಕೊಂಡಿದ್ದೇನೆ.

ಗೋಕಾಕದಲ್ಲಿ ನನ್ನದು ಕಾಗದಪತ್ರ ಬರೆದುಕೊಡುವ ಅಂಗಡಿ. ಖರೀದಿ ಪತ್ರ, ಬಾಡಿಗೆ ಕರಾರು, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಹೀಗೆ. ವರ್ಷಗಟ್ಟಲೆ ಕೈಯಿಂದ ಬರೆದೆ, ಆಮೇಲೆ ಟೈಪು ಮಾಡಿದೆ. ಈಗ ಸಿದ್ಧ ಪತ್ರಗಳ ಸಾಫ್ಟ್‌ವೇರ್ ತಂದಿದ್ದೇನೆ. ಹೆಸರು, ಊರು, ಸರ್ವೇ ನಂಬರು, ನಾಲ್ಕು ದಿಕ್ಕಿನ ಗಡಿ, ಎಲ್ಲಕ್ಕೂ ಖಾನೆ. ತುಂಬಿದರೆ ಪತ್ರ ತಾನೇ ಹೊರಬೀಳುತ್ತದೆ. ಮೊದಲ ವಾರ ಮದುಮಗನಂತೆ ಮೆರೆದೆ. ಬಂದವರಿಗೆ ಚಹಾ ಹೇಳುವ ಮೊದಲು ಪರದೆ ತೋರಿಸುತ್ತಿದ್ದೆ.

ಆಗ ಕೊಣ್ಣೂರ ಕಡೆಯ ನಿಂಗಪ್ಪ, ಮೂಡಲಗಿಗೆ ಕೊಟ್ಟ ಅವನ ತಂಗಿ ಬಾಳವ್ವ, ಅಪ್ಪನ ಹೊಲ ಪಾಲು ಮಾಡಿಕೊಳ್ಳಲು ಬಂದರು. ಹತ್ತೇ ನಿಮಿಷಕ್ಕೆ ವಾಟ್ನಿ ತೆಗೆದು, ಗತ್ತಿನಿಂದ ಓದಿ ಹೇಳಿದೆ. ಬಾಳವ್ವ ಕೊನೆಯ ತನಕ ಕೇಳಿ, "ಹೊಲಾ ಓದಿದ್ರಿ, ನನ್ನ ನೀರ ಎಲ್ಲೈತ್ರಿ?" ಎಂದಳು.

ನನ್ನ ಮುಖ ಸಪ್ಪಗಾಯಿತು. ಬಾವಿ, ಮೋಟರು ಅಣ್ಣನ ಪಾಲಿಗೆ ಹೋಗಿದ್ದವು. ವಾರಕ್ಕೆ ಎರಡು ದಿನ, ಮಂಗಳವಾರ ಬುಧವಾರ, ನೀರು ತಂಗಿಯ ಪಾಳಿ ಎಂದು ಅಣ್ಣನೇ ನನ್ನೆದುರು ಹೇಳಿದ್ದ. ಪಾಳಿ ಬರೆಯದಿದ್ದರೆ ಅವಳ ಕಬ್ಬು ಒಣಗುತ್ತದೆ, ಒಣಗಿದ ಹೊಲ ಕೊನೆಗೆ ಅಗ್ಗದ ಬೆಲೆಗೆ ಅಣ್ಣನಿಗೇ ಸೇರುತ್ತದೆ. ಇಷ್ಟು ವರ್ಷ ತಪ್ಪದೆ ಪಾಳಿ ಬರೆದವನು, ಪರದೆ ಕೇಳಲಿಲ್ಲವೆಂದು ಮರೆತಿದ್ದೆ. ನಾಚಿಕೆಯಾಯಿತು, ಹಿಂದೆಯೇ ಸಿಟ್ಟು ಬಂತು.

ಸಾಫ್ಟ್‌ವೇರ್ ಮಾರಿದವನಿಗೆ ಫೋನು ಮಾಡಿದರೆ, "ಅಂಥಾ ಖಾನೆ ಯಾರೂ ಕೇಳಿಲ್ರಿ. 'ಇತರೆ' ಅಂತ ಐತಲ್ಲ, ಅದರಾಗ ಹಾಕ್ರಿ" ಎಂದ. ಇತರೆಯಂತೆ. ಹಳೆಯ ಕಲ್ಲುಶಾಸನಗಳಲ್ಲಿ ಭೂಮಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಒಂದೊಂದನ್ನೂ ಹೆಸರು ಹಿಡಿದು ಕೆತ್ತುತ್ತಿದ್ದರು. ಹುಕ್ಕೇರಿಯಲ್ಲಿ ನನಗೆ ಕಸುಬು ಕಲಿಸಿದ ಮುದುಕರು ಬದುವಿನ ಬೇವಿನ ಗಿಡದ ನೆರಳು ಯಾರದೆಂಬುದನ್ನೂ ಬರೆಯುತ್ತಿದ್ದರು. ಅವರ ಶಿಷ್ಯ ನೀರನ್ನು ಇತರೆಗೆ ಸೇರಿಸಬೇಕೇ?

ಅವತ್ತಿನ ಮಟ್ಟಿಗೆ ಕೈಯಿಂದ ಒಂದು ಸಾಲು ಸೇರಿಸಬಹುದಿತ್ತು. ಆದರೆ ನಾಳೆ ಇನ್ನೊಬ್ಬಳ ಪತ್ರದಲ್ಲಿ ಮತ್ತೆ ಮರೆತರೆ? ಅಣ್ಣ ತಂಗಿಗೆ ನಾಲ್ಕು ದಿನ ಬಿಟ್ಟು ಬರಲು ಹೇಳಿ, ನಾನೇ ಖಾನೆ ಮಾಡಲು ಕೂತೆ. ಯಾವ ಬಗೆಯ ಖಾನೆ ಎಂದು ಸಾಫ್ಟ್‌ವೇರ್ ಕೇಳಿತು. ತಾರೀಖು ಎಂದೆ, ಬಾಳವ್ವನ ನೀರು ಒಂದೇ ದಿನ ಬಂದು ನಿಂತಿತು. ಅಂಕಿ ಎಂದೆ, ಬರೀ ಎರಡು ಎಂದು ಮುದ್ರಿಸಿತು, ಎರಡು ದಿನವೋ ಎರಡು ಕೊಡವೋ ದೇವರೇ ಬಲ್ಲ. ಮೂರನೆಯ ದಿನ, ಎಷ್ಟು ಬೇಕಾದರೂ ಬರೆಯಬಹುದಾದ ಅಕ್ಷರದ ಖಾನೆ ಮಾಡಿ, ಅದನ್ನು ತುಂಬುವ ತನಕ ಪತ್ರ ಹೊರಬರದಂತೆ ಕಟ್ಟು ಹಾಕಿದೆ.

ಮರುದಿನ ಇಬ್ಬರೂ ಬಂದರು. ನಿಂಗಪ್ಪ ಪರದೆ ನೋಡಿ, "ನೀರಿಂದು ಬಾಯಿಮಾತಿನ್ಯಾಗ ಇರಲಿ ಬಿಡ್ರಿ. ಖಾಲಿ ಬಿಟ್ಟು ಪ್ರಿಂಟ್ ತಗೀರಿ" ಎಂದ.

"ಬರೂದಿಲ್ಲ" ಎಂದೆ.

"ಮಶೀನ ಬಿಡಂಗಿಲ್ಲೇನ್ರಿ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಯಂತ್ರದ ಮೇಲೆ ಹಾಕಿ ಜಾರಿಕೊಳ್ಳುವುದು ಈಗ ಎಲ್ಲ ಕಡೆ ನಡೆಯುತ್ತದೆ. ನನಗೆ ಮನಸ್ಸಾಗಲಿಲ್ಲ. "ಕಟ್ಟ ಬಿಚ್ಚಿದ್ರ ಮಶೀನ ಬಿಡತೈತ್ರಿ. ನಾ ಬಿಡಂಗಿಲ್ಲ."

ನಿಂಗಪ್ಪ ಎದ್ದು ಬಾಗಿಲ ತನಕ ಹೋದ. ಬಾಳವ್ವ ಕೂತಲ್ಲಿಂದ ಏಳಲಿಲ್ಲ. "ಅವತ್ತ ಅಣ್ಣ ಹೇಳಿದಂಗ ಬರಕೊಳ್ರಿ," ಎಂದಳು, "ಮಂಗಳವಾರ, ಬುಧವಾರ, ಹೊತ್ತು ಹೊಂಟಾಗಿಂದ ಹೊತ್ತು ಮುಣಗೂತನಕ."

ನಾನು ಒಂದೊಂದೇ ಅಕ್ಷರ ಒತ್ತಿ, ಗಟ್ಟಿಯಾಗಿ ಓದುತ್ತ ಹೋದೆ. ಬಾಗಿಲಲ್ಲಿ ನಿಂತವನು ಕೇಳಿಸಿಕೊಂಡ. ನಮ್ಮ ಕಡೆ ತಿರುಗದೆಯೇ, "ಆ ಎರಡೂ ದಿನ ಹಗಲ ಹೊತ್ತು ಕರೆಂಟ್ ಇರಂಗಿಲ್ರಿ. ಅಕಿಗೆ ಶುಕ್ರವಾರ, ಶನಿವಾರ ಹಾಕ್ರಿ" ಎಂದ.

ಬಾಯಿಮಾತಿನಲ್ಲಿ ಕೊಡುವಾಗ, ಮೋಟರೇ ತಿರುಗದ ಮಂಗಳವಾರಕ್ಕೆ ಯಾವ ಕೊರತೆಯೂ ಇರಲಿಲ್ಲ. ಬರೆಯಲು ಕೂತಾಗಲೇ ಅವನಿಗೆ ಕರೆಂಟು ನೆನಪಾದದ್ದು.