ಗೆರೆಯಕ್ಕ ಅಳೆದ ಕಬ್ಬಿಣ

ಗೆರೆಯಕ್ಕ ಕೆಲಸಕ್ಕಾಗಿ ಒಮ್ಮೆಯೂ ಸೂರ್ಯನನ್ನು ನೋಡಿದವಳಲ್ಲ. ಅವಳ ಪ್ರಯೋಗಶಾಲೆ ಇದ್ದದ್ದು ನೆಲಮಾಳಿಗೆಯಲ್ಲಿ. ಅದಕ್ಕೆ ಕಿಟಕಿಯೇ ಇರಲಿಲ್ಲ. ಬಾಟಲಿಯಷ್ಟಿದ್ದ ದೀಪದಲ್ಲಿ ಕಬ್ಬಿಣದ ಪರಮಾಣುಗಳನ್ನು ಬೆಳಗಿಸಿ, ಆ ಬೆಳಕನ್ನು ಗೆರೆಗೆರೆಯಾಗಿ ಬಿಡಿಸಿ, ಒಂದೊಂದು ಗೆರೆ ಎಷ್ಟು ಗಟ್ಟಿ ಎಂದು ಅಳೆಯುತ್ತ ಅವಳ ತಲೆ ನರೆತಿತ್ತು. ಅದೇ ಗೆರೆಗಳು ಸೂರ್ಯನ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತವೆ. ಇಲ್ಲಿನ ಅಳತೆ ಸರಿಯಿದ್ದರೆ ಮಾತ್ರ ಅಲ್ಲಿ ಕಬ್ಬಿಣ ಎಷ್ಟಿದೆಯೆಂದು ಹೇಳಬಹುದು. ತಕ್ಕಡಿ ಅವಳದು, ಸೂರ್ಯನನ್ನು ತೂಗುವ ಸಂಶೋಧಕರು ಬೇರೆ.

ಆ ಕೋಣೆಗೆ ಒಂದು ಕಟ್ಟಳೆಯಿತ್ತು: ಅಳತೆ ಮುಗಿಯುವವರೆಗೆ ಸೂರ್ಯನ ಕಡೆಯವರಿಗೆ ಯಾವ ಉತ್ತರ ಬೇಕೆಂದು ಕೇಳಕೂಡದು. ಕಿವಿಗೆ ಬಿದ್ದರೆ ಕೈ ಅತ್ತ ವಾಲುತ್ತದೆ ಎನ್ನುತ್ತಿದ್ದಳು.

ಆಸ್ಪತ್ರೆ ಸೇರಬೇಕಾಗಿದ್ದ ವಾರ ಒಂದು ಗೆರೆಯ ಅಳತೆಯನ್ನು ಕರಡಾಗಿ ಕಳಿಸಿದಳು. ಸೂರ್ಯನ ಲೆಕ್ಕ ಮಾಡುವ ಸಂಶೋಧಕ ಫೋನಿನಲ್ಲೇ ಕುಣಿದ. "ಅಕ್ಕಾ, ನಮ್ಮ ಲೆಕ್ಕಕ್ಕೆ ಅಚ್ಚು ಹೊಯ್ದ ಹಾಗೆ ಹೊಂದ್ತು!"

"ಬಾಯಿ ಮುಚ್ಕೊಂಡಿರೋಕೆ ಆಗಲಿಲ್ವಾ ನಿಂಗೆ?"

ಫೋನಿಟ್ಟವಳಿಗೆ ಸಮಾಧಾನ ಹೋಯಿತು. ಮತ್ತೆ ನೋಡಿದರೆ ಗೆರೆಯ ಒಂದು ಮಗ್ಗುಲು ತುಸು ಊದಿಕೊಂಡಿತ್ತು. ದೀಪದೊಳಗೆ ತುಂಬಿದ್ದ ಆರ್ಗಾನ್ ಅನಿಲಕ್ಕೂ ತನ್ನದೇ ಗೆರೆಗಳುಂಟು; ಅವುಗಳಲ್ಲೊಂದು ಕಬ್ಬಿಣದ ಸೆರಗಿನಲ್ಲಿ ಅಡಗಿ ಕೂತಿರಬಹುದು. ಅನಿಲ ಬದಲಿಸಿ ಅಳೆಯದೆ ತಿಳಿಯದು.

ತಂಗಿ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಡಾಕ್ಟ್ರು ಕಾಯ್ತಿದಾರೆ ಅಕ್ಕಾ. ಸೂರ್ಯ ಎಲ್ಲಿಗೆ ಓಡಿಹೋಗ್ತಾನೆ?"

"ಅವನೆಲ್ಲೂ ಹೋಗಲ್ಲ. ನನ್ನ ಮಾತು ಬೇರೆ. ಎರಡು ದಿನ ಕೊಡು."

"ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ!" ಎಂದ ತಂಗಿ ಚೀಲ ಕೆಳಗಿಟ್ಟು ಕೂತುಬಿಟ್ಟಳು.

ದೀಪದ ಮೇಸ್ತ್ರಿ ಗೊಣಗುತ್ತಲೇ ಆರ್ಗಾನ್ ಹೀರಿ ತೆಗೆದು ನಿಯಾನ್ ತುಂಬಿದ. "ಇಷ್ಟು ವರ್ಷ ಒಂದೇ ಗಾಳಿ ಕುಡಿದ ದೀಪ ಇದು. ಅಜೀರ್ಣ ಆದ್ರೆ ನನ್ನ ಬಯ್ಯಬೇಡಿ."

ದೀಪ ಮುನಿಸಿಕೊಂಡು ಆರಿತು, ಮತ್ತೆ ಆರಿತು, ಆಮೇಲೆ ನಿಂತು ಉರಿಯಿತು. ಗೆರೆಯ ಊತ ಇಳಿದಿತ್ತು. ಅಂಕಿಯೂ ಇಳಿಯಿತು.

ಹೊಸ ಅಂಕಿಯನ್ನು ಲೆಕ್ಕಕ್ಕೆ ಹಾಕಿ ನೋಡಿ ಸಂಶೋಧಕ ಮತ್ತೆ ಫೋನು ಮಾಡಿದ.

"ಈಗ ಹೊಂದ್ತಿಲ್ಲ ಅಕ್ಕಾ."

"ಹೊಂದಿಸೋದು ನನ್ನ ಕೆಲಸ ಅಲ್ಲಪ್ಪಾ. ಕಬ್ಬಿಣ ಹೇಳಿದ್ದು ಇಷ್ಟು. ಸೂರ್ಯ ಹೀಗೇ ಅಂತ ನೀವು ಅಂದ್ಕೊಂಡಿದೀರಲ್ಲ, ಅಲ್ಲೇನು ಕೊರತೆ ಅಂತ ನೋಡಿ."

ಆ ಸಂಜೆಯೇ ಆಸ್ಪತ್ರೆಗೆ ಹೋದಳು. ತಿರುಗಿ ಬರಲಿಲ್ಲ. ಎರಡು ದಿನ ತಡವಾದ್ದರಿಂದ ಏನೂ ಬದಲಾಗಲಿಲ್ಲವೆಂದು ಡಾಕ್ಟರು ತಂಗಿಗೆ ಹೇಳಿದರು. ಅವಳು ನಂಬಿದಳೋ ಇಲ್ಲವೋ, ಪ್ರಯೋಗಶಾಲೆಯ ನಾವ್ಯಾರೂ ಕೇಳಿಲ್ಲ.

ಅಳತೆ ಈಗ ಎಲ್ಲರೂ ಬಳಸುವ ಕೋಷ್ಟಕದಲ್ಲಿದೆ. ಸೂರ್ಯನ ಕಡೆಯವರು ತಮ್ಮ ಲೆಕ್ಕವನ್ನು ಬುಡದಿಂದ ಮತ್ತೆ ಮಾಡುತ್ತಿದ್ದಾರೆ.