ಕಣಗಿಲೆಯ ಕಡ್ಡಿ

ಕೃಷ್ಣವೇಣಿಯವರು ಮೂವತ್ತೊಂದು ವರ್ಷ ಅರಿವಳಿಕೆ ವೈದ್ಯೆಯಾಗಿ ದುಡಿದವರು. ಧಾರವಾಡದಿಂದ ವಿಲಾಯತಿಗೆ ಬಂದು ಸಟನ್‌ನಲ್ಲಿ ನೆಲೆನಿಂತಿದ್ದರು. ನಿವೃತ್ತರಾದ ಮೇಲೆ ಮನೆಯ ಹಿಂದಿನ ಗಾಜಿನ ಕೋಣೆಯಲ್ಲಿ ಹೀಟರ್ ಹಚ್ಚಿ, ತಟ್ಟೆಗಳಲ್ಲಿ ನೀರು ತುಂಬಿಟ್ಟು, ಊರಿನ ಹವೆಯನ್ನು ಹೇಗೋ ಹೊಂದಿಸಿಕೊಂಡು ತೋಟ ಮಾಡಿದರು. ಕರಿಬೇವು ಮೊಣಕಾಲೆತ್ತರ ಬಂದಿತ್ತು. ದುಂಡುಮಲ್ಲಿಗೆ ವರ್ಷಕ್ಕೆ ಹತ್ತೋ ಹನ್ನೆರಡೋ ಹೂ ಬಿಡುತ್ತಿತ್ತು. ಎಲ್ಲಕ್ಕಿಂತ ಹುಲುಸಾಗಿ ಬೆಳೆದದ್ದು ಕೆಂಪು ಕಣಗಿಲೆ. ಬೇಸಿಗೆಯಲ್ಲಿ ಅದನ್ನು ಹೊರಗೆ ಬಿಸಿಲಿಗಿಟ್ಟು, ಚಳಿಗೆ ಮುಂಚೆ ರೆಂಬೆ ಕತ್ತರಿಸಿ ಒಳಗೆ ಒಯ್ಯುತ್ತಿದ್ದರು. ಹೂವಿರುವಷ್ಟು ದಿನ ದೇವರಿಗೆ ಅದರದೇ ಹೂ.

ಗಂಡ ಆನಂದತೀರ್ಥರು ಎಲುಬಿನ ಡಾಕ್ಟರಾಗಿದ್ದವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಗ ಮಗಳು ಮಾಳವಿಕಾ ತಾನಿರುವ ಕೊಲಿಂಡೇಲ್‌ನಿಂದ ಒಂದು ಕಂದು ನಾಯಿಮರಿ ತಂದುಕೊಟ್ಟಳು. ಬಣ್ಣ ನೋಡಿ ಕೃಷ್ಣವೇಣಿಯವರೇ ಪೇಢಾ ಎಂದು ಹೆಸರಿಟ್ಟರು. ತಿಂಗಳೆರಡು ಕಳೆದಿರಬೇಕು, ಒಂದು ಬೆಳಿಗ್ಗೆ ಆನಂದತೀರ್ಥರು ಸ್ಪಷ್ಟವಾಗಿ "ಪೇಢಾ" ಅಂದರು. ಅವರಿಗೆ ಮರಳಿ ಬಂದದ್ದು ಅದೊಂದೇ ಮಾತು. ನೀರು ಬೇಕಾದರೂ ಪೇಢಾ, ಸಿಟ್ಟು ಬಂದರೂ ಪೇಢಾ.

ಕಳೆದ ಅಕ್ಟೋಬರಿನಲ್ಲಿ ಕಣಗಿಲೆ ಕತ್ತರಿಸುತ್ತಿದ್ದಾಗ ಫೋನ್ ಬಂತು. ಕತ್ತರಿಸಿದ ರೆಂಬೆಗಳನ್ನು ಹುಲ್ಲಿನ ಮೇಲೆಯೇ ಬಿಟ್ಟು ಒಳಗೆ ಹೋದರು. ಮಾತು ಮುಗಿಸಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾರೆ: ಆನಂದತೀರ್ಥರು ಕುರ್ಚಿಯಲ್ಲಿ ಕೂತು ಎಡಗೈಯಿಂದ ಕಡ್ಡಿಯೊಂದನ್ನು ಎಸೆಯುತ್ತಿದ್ದಾರೆ, ಪೇಢಾ ಅದನ್ನು ಕಚ್ಚಿ ತರುತ್ತಿದೆ, ಮತ್ತೆ ಎಸೆಯುತ್ತಿದ್ದಾರೆ, ನಗುತ್ತಿದ್ದಾರೆ. ಎಷ್ಟು ದಿನವಾಗಿತ್ತು ಆ ನಗೆ ಕಂಡು! ಕೃಷ್ಣವೇಣಿಯವರು ಕಣ್ಣೊರೆಸಿಕೊಳ್ಳುತ್ತ ಅಲ್ಲೇ ನಿಂತರು. ಕಡ್ಡಿ ಯಾವುದೆಂದು ನೋಡಲಿಲ್ಲ.

ಸಂಜೆ ನಾಯಿ ಎರಡು ಸಲ ವಾಂತಿ ಮಾಡಿಕೊಂಡು ಮೂಲೆಯಲ್ಲಿ ಬಿದ್ದುಕೊಂಡಿತು. ತೊಡೆಯ ಸಂದಿಗೆ ಬೆರಳಿಟ್ಟು ನಾಡಿ ನೋಡಿದರೆ ನಿಮಿಷಕ್ಕೆ ನಲವತ್ತು, ಅದೂ ತಪ್ಪಿ ತಪ್ಪಿ. ಕುರ್ಚಿಯ ಕೆಳಗೆ ಸಿಪ್ಪೆ ಕಿತ್ತುಹೋದ ಕಣಗಿಲೆಯ ಕಡ್ಡಿ ಬಿದ್ದಿತ್ತು. ಆ ಗಿಡದ ವಿಷ ಹೃದಯಕ್ಕೇ ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಓದಿದ್ದರು, ಪರೀಕ್ಷೆಯಲ್ಲಿ ಬರೆದೂ ಇದ್ದರು.

ಪಶುವೈದ್ಯರ ಬಳಿ ಒಯ್ದರು. ಅವರು ಇದ್ದಿಲಿನ ಔಷಧಿ ಕುಡಿಸಿದರು, ಎದೆಬಡಿತ ಏರಿಸುವ ಅಟ್ರೊಪಿನ್ ಕೊಟ್ಟರು. ಕೃಷ್ಣವೇಣಿಯವರು ಜೀವಮಾನವಿಡೀ ತಮ್ಮ ಕೈಯಿಂದಲೇ ಕೊಟ್ಟ ಔಷಧಿ ಅದು. ಇಲ್ಲಿ ಮುಟ್ಟುವ ಹಾಗಿರಲಿಲ್ಲ. ಪ್ರತಿವಿಷ ಅಲ್ಲಿರಲಿಲ್ಲ. ಹಳೆಯ ಆಸ್ಪತ್ರೆಯ ಗೆಳತಿ ನೀರಜಾಗೆ ಫೋನ್ ಮಾಡಿ ಬೇಡಿಕೊಂಡರು.

"ಅದು ಮನುಷ್ಯರಿಗೇ ಇಟ್ಟಿರೋದು ಕಣೇ, ಹೊರಗೆ ಕೊಡೋಕಾಗಲ್ಲ. ನಿಂಗೇ ಗೊತ್ತಲ್ಲ," ಅಂದಳು ನೀರಜಾ.

ಗೊತ್ತಿತ್ತು. ಪರದೆಯ ಮೇಲೆ ನಾಯಿಯ ಎದೆಬಡಿತದ ಗೆರೆ ಏಳುವುದನ್ನೂ ಬೀಳುವುದನ್ನೂ ನೋಡುತ್ತ ಕೂತರು. ಮರುದಿನ ಮಧ್ಯಾಹ್ನ ಗೆರೆ ನೆಟ್ಟಗಾಯಿತು.

ಮನೆಗೆ ಬಂದು ಗಂಡನ ಕಾಲ ಬಳಿ ಕೂತು, "ಪೇಢಾ ಹೋತ್ರೀ," ಅಂದರು. ಕಡ್ಡಿಯ ವಿಷಯ ಬಾಯಿಗೆ ಬಂತು, ನುಂಗಿಕೊಂಡರು. ಆನಂದತೀರ್ಥರು ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವರಿಗೆ ತಿಳಿದಿತ್ತೋ ಇಲ್ಲವೋ, ಕೇಳುವ ದಾರಿಯೇ ಇರಲಿಲ್ಲ.

ಮಾಳವಿಕಾ ಬಂದು ಕಣಗಿಲೆಯನ್ನು ಬೇರುಸಹಿತ ಕಿತ್ತು ಚೀಲಕ್ಕೆ ತುಂಬಿದಳು. ಸಾಕುಪ್ರಾಣಿಗಳಿಗೆ ಅಪಾಯವಿಲ್ಲದ ಗಿಡಗಳ ಪಟ್ಟಿ ಹುಡುಕಿ ದಾಸವಾಳವನ್ನೂ ಜರೀಗಿಡವನ್ನೂ ತಂದಿಟ್ಟಳು.

"ದೀಸ್ ಆರ್ ಸೇಫ್, ಅಮ್ಮಾ. ಇನ್ನೊಂದು ಪಪ್ಪಿ ತರ್ಲಾ?"

"ಬ್ಯಾಡವ್ವಾ. ಇನ್ಯಾರಿಗೆ ಸೇಫ್ ಆಗಬೇಕು?"

ಮಾತು ಕಲಿಸುವ ಥೆರಪಿಸ್ಟ್ ವಾರಕ್ಕೊಮ್ಮೆ ಬಂದು ಹೊಸ ಪದ ಹೇಳಿಸಲು ಪ್ರಯತ್ನಿಸಿದಳು. ಯಾವುದೂ ನಾಲಿಗೆಗೆ ಹತ್ತಲಿಲ್ಲ. ಉಳಿದದ್ದು ಆ ಒಂದೇ ಮಾತು. ಈಗಲೂ ದಿನಕ್ಕೆ ಇಪ್ಪತ್ತು ಸಲ ಗಾಜಿನ ಕೋಣೆಯಿಂದ ಅದೇ ಕೂಗು ಕೇಳುತ್ತದೆ. ಪ್ರತಿ ಸಲವೂ ಕೃಷ್ಣವೇಣಿಯವರು ಮೊದಲು ನಾಯಿ ಬಿದ್ದುಕೊಂಡಿದ್ದ ಮೂಲೆಯ ಕಡೆ ನೋಡುತ್ತಾರೆ.

"ಪೇಢಾ!"

"ಬಂದೆರೀ. ಏನು ಬೇಕು? ನೀರಾ? ಚಹಾನಾ?"

ಅವರು ಮಂಡಿಯಿಂದ ಜಾರಿದ ಹೊದಿಕೆ ತೋರಿಸುತ್ತಾರೆ. ಕೃಷ್ಣವೇಣಿಯವರು ಬಗ್ಗಿ ಅದನ್ನು ಎತ್ತಿ ಹೊದಿಸುತ್ತಾರೆ.